ಟೀಚರ್ ಮನೆಯ ಹಸಿರು ಗೆರೆ

ಮಾರ್ಚ್ 3, ಮಂಗಳವಾರ

ಮತ್ತೊಂದು ಹಲ್ಲಿನ ಸೆಟ್ ಹಾಳು. ಅಕ್ರಿಲಿಕ್ ಬೇಯಲು ಇಟ್ಟು ಅರ್ಧಕ್ಕೆ ಬಂದಿತ್ತು, ಕರೆಂಟ್ ಹೋಯಿತು. ನೀರು ಆರಿತು. ಡಬ್ಬಿ ಬಿಚ್ಚಿದರೆ ವಸಡಿನ ತುಂಬ ಗುಳ್ಳೆ, ಸ್ಪಂಜಿನ ಹಾಗೆ. ಯಾರದೋ ಬಾಯಿ. ಅಚ್ಚು ಮಾತ್ರ ನನ್ನ ಹತ್ತಿರ ಬರುತ್ತದೆ, ಮುಖ ಬರುವುದಿಲ್ಲ. ಆ ಯಾರೋ ಇನ್ನೊಂದು ವಾರ ಬೊಚ್ಚು ಬಾಯಲ್ಲೇ ಇರಬೇಕು.

ಡಾಕ್ಟರಿಗೆ ಫೋನ್ ಮಾಡಿದೆ. "ನಿಮ್ಮದು ಯಾವಾಗ್ಲೂ ಇದೇ ಕಥೆ ಆಯ್ತಲ್ಲಮ್ಮ. ಪೇಷಂಟ್‌ಗೆ ನಾನೇನು ಹೇಳ್ಲಿ?" ಅಂದರು. ಹಲ್ಲು ಕಚ್ಚಿಕೊಂಡು ಸುಮ್ಮನಾದೆ. ಹಲ್ಲು ಕಟ್ಟುವವಳು ಅಷ್ಟಾದರೂ ಮಾಡಬೇಡವೇ.

ಫೋನ್ ಇಟ್ಟ ಮೇಲೆ ಹೊಳೆಯಿತು — ಭಾನುವಾರದಿಂದ ಇದೇ ಮೊದಲ ಮಾತು. "ಹಲೋ" ಅನ್ನಲು ಗಂಟಲು ಎರಡು ಸಲ ಕೆರೆಯಬೇಕಾಯಿತು. ಅಮ್ಮ ಇದ್ದಾಗ ಜಗಳಕ್ಕಾದರೂ ಬಾಯಿ ಬಿಡುತ್ತಿದ್ದೆ.

ಮಾರ್ಚ್ 9

ಮಾರುಕಟ್ಟೆ ಹಿಂದಿನ ಓಣಿಯ ಇನ್ವರ್ಟರ್ ಅಂಗಡಿಗೆ ಹೋಗಿ ಬಂದೆ. ಸೋಲಾರ್‌ದು. ಗಾಜಿನ ಕಪಾಟಿನಲ್ಲಿದ್ದ ಮಾಲಿನ ಬೆಲೆ ಕೇಳಿ ಎದ್ದು ಹೊರಟಿದ್ದೆ, ಡೀಲರ್ ತಡೆದ. ಒಳಕೋಣೆ ತೋರಿಸಿದ. ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟುವಷ್ಟು. ಎಲ್ಲದರ ಮೇಲೂ ಸ್ಟಿಕ್ಕರ್ ಕೆರೆದು ತೆಗೆದ ಗುರುತು.

"ಇದೂ ಅದೇ ಫ್ಯಾಕ್ಟರಿದು ಮೇಡಂ. ಬೇರೆ ದೇಶಕ್ಕೆ ಅಂತ ಮಾಡಿದ್ದು, ಸುತ್ತಿ ಬಳಸಿ ಇಲ್ಲಿಗೆ ಬಂದಿದೆ. ಅರ್ಧ ರೇಟು."

"ಗ್ಯಾರಂಟಿ?"

"ನಾನೇ ಗ್ಯಾರಂಟಿ."

ನಕ್ಕ. ಮುಂದಿನ ಹಲ್ಲೊಂದು ಕಟ್ಟಿಸಿದ್ದು, ಬಣ್ಣ ಕೂಡಿಲ್ಲ. ಯಾರು ಮಾಡಿದರೋ.

ಆಮೇಲೆ ಪೆಟ್ಟಿಗೆಯಿಂದ ಬೆರಳುದ್ದದ ಒಂದು ಕಡ್ಡಿ ತೆಗೆದ. "ಒಂದೇ ಮಾತು. ಈ ವೈಫೈ ಕಡ್ಡಿ ಇದೆಯಲ್ಲ, ಇದನ್ನ ಮಾತ್ರ ಚುಚ್ಚಬೇಡಿ. ನೆಟ್ ಗಿಟ್ ಏನೂ ಬೇಡ. ಇಲ್ದೇನೇ ಚೆನ್ನಾಗಿ ಓಡುತ್ತೆ."

"ಚುಚ್ಚಿದ್ರೆ ಏನಾಗುತ್ತೆ?"

"ಚುಚ್ಚಬೇಡಿ ಅಂದ್ನಲ್ಲ."

ಅಡ್ವಾನ್ಸ್ ಕೊಟ್ಟು ಬಂದೆ.

ಮಾರ್ಚ್ 16, ಸಂಜೆ

ತಾರಸಿ ಮೇಲೆ ಪ್ಯಾನೆಲ್ ಕೂತವು. ನನ್ನದು ಮೂರನೇ ಮಹಡಿ, ತಲೆಯ ಮೇಲೇ ತಾರಸಿ. ವೈರು ಎಳೆಯುವುದು ಸುಲಭವಾಯಿತು. ಕಡ್ಡಿಯನ್ನು ಮೇಣದ ಡ್ರಾಯರಿನಲ್ಲಿ ಹಾಕಿದೆ.

ಏಳಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಬೀದಿಯೆಲ್ಲ ಕತ್ತಲು, ನನ್ನ ಕಿಟಕಿ ಒಂದೇ ಬೆಳಕು. ನಾಚಿಕೆಯಾಯಿತು. ಪರದೆ ಎಳೆಯೋಣ ಅನ್ನುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಎರಡನೇ ಮಹಡಿಯ ಟೈಲರಕ್ಕ. ಫೋನ್ ಚಾರ್ಜಿಗೆ ಹಾಕಬೇಕಂತೆ.

ಒಳಗೆ ಬಂದವಳು ಶೆಲ್ಫ್ ನೋಡಿ ನಿಂತುಬಿಟ್ಟಳು. ತಯಾರಾದ ಸೆಟ್‌ಗಳೆಲ್ಲ ಅಲ್ಲೇ ಇರುವುದು. "ಏನ್ರೀ ಇದು, ಇಷ್ಟು ಜನ ಹಲ್ಲು ಬಿಟ್ಕೊಂಡು ಕೂತಿದಾರೆ. ನೀವೊಬ್ಬರೇ ನೋಡಿ ಮುಖ ಗಂಟು ಹಾಕ್ಕೊಂಡಿರೋದು."

ಇಬ್ಬರೂ ನಕ್ಕೆವು. ಫೋನ್ ತುಂಬುವವರೆಗೂ ಕೂತಿದ್ದಳು. ಅವಳು ಹೋದ ಮೇಲೆ ಅವಳು ಕೂತಿದ್ದ ಕುರ್ಚಿಯನ್ನು ಮೂಲೆಗೆ ಸರಿಸಲಿಲ್ಲ. ನಾಳೆಯೂ ಕರೆಂಟ್ ಹೋಗಬಹುದು.

ಮಾರ್ಚ್ 22

ಈ ವಾರ ನನ್ನ ಮನೆ ಬಸ್ ಸ್ಟ್ಯಾಂಡ್. ಕರೆಂಟ್ ಹೋದರೆ ಸಾಕು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನೆಲಮಹಡಿಯ ಬ್ಯಾಂಕಿನವರು ಲ್ಯಾಪ್‌ಟಾಪ್ ಹಿಡಿದು ಬಂದರು. ಇಷ್ಟು ವರ್ಷ ಮೆಟ್ಟಿಲಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದರು, ಅಷ್ಟೇ. ಈಗ ಇನ್ವರ್ಟರ್ ಬಗ್ಗೆ ನನ್ನನ್ನು ಕೇಳುತ್ತಾರೆ. ನಾನು ಹೇಳುತ್ತೇನೆ. ತಿಳಿದವಳ ಹಾಗೆ.

ಒಂದನೇ ಮಹಡಿಯ ಟೀಚರ್ ಮೆಟ್ಟಿಲು ಹತ್ತುವ ಹಾಗಿಲ್ಲ. ಹೇಳಿ ಕಳಿಸಿದರು, ಇಳಿದು ಹೋದೆ. ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಗೋಡೆಗೆ ಇನ್ನೂ ನಕಾಶೆ. ಶ್ವಾಸಕೋಶ ಕೆಟ್ಟಿದೆ, ಮೂಗಿಗೆ ಸದಾ ಪೈಪು, ಪಕ್ಕದಲ್ಲಿ ಆಕ್ಸಿಜನ್ ಮಿಷನ್. ಕರೆಂಟ್ ಹೋದಾಗಲೆಲ್ಲ ಬಾಡಿಗೆ ಸಿಲಿಂಡರಿಗೆ ಪೈಪು ಬದಲಾಯಿಸಬೇಕು, ಒಬ್ಬರೇ. ಮಗಳ ಮನೆ ಊರಿನ ಆ ತುದಿ. ಬಸ್ ಡಿಪೋ ಕೆಲಸ ಮುಗಿಸಿ ಸಂಜೆ ಬಂದು ಹೋಗುತ್ತಾಳೆ.

"ಚಾಕ್‌ಪೀಸಿನ ಧೂಳು ಕುಡಿದಿದ್ದಕ್ಕೆ ಪೆನ್ಶನ್ ಇದು" ಎಂದು ಮಿಷನ್ ತಟ್ಟಿದರು. "ನೀನು ಹಲ್ಲು ಮಾಡ್ತೀಯಂತೆ. ನನಗೆ ಎಲ್ಲಾ ಹಲ್ಲೂ ಗಟ್ಟಿ ಇದೆ, ಅಗಿಯೋಕೆ ಉಸಿರಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನೋದು ಇದಕ್ಕೇ."

ನನಗೆ ಹಲ್ಲಮ್ಮ ಅಂತ ಹೆಸರಿಟ್ಟರು. ಸಿಟ್ಟು ಬರಲಿಲ್ಲ. ಬರಬೇಕಾಗಿತ್ತು.

ಏಪ್ರಿಲ್ 2

ಮೂರೂ ಮನೆಯವರಿಗೂ ಇದೇ ಇನ್ವರ್ಟರ್ ಬೇಕಂತೆ, ಮೂವರನ್ನೂ ಕರೆದುಕೊಂಡು ಡೀಲರ್ ಹತ್ತಿರ ಹೋದೆ. ಟೀಚರ್ ಪರವಾಗಿ ಮಗಳು. ಡೀಲರ್‌ಗೆ ನಾನೀಗ ಮೇಡಂ ಅಲ್ಲ, ಅಕ್ಕ. ಟೀ ತರಿಸಿದ. ಕಡ್ಡಿಯ ಮಾತು ಎಲ್ಲರಿಗೂ ಹೇಳಿದ, ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಮಗಳಿಗೆ ಸ್ವಲ್ಪ ಅನುಮಾನ ಇತ್ತು. "ಸ್ಟಿಕ್ಕರ್ ಯಾಕೆ ಕೆರೆದಿದೆ ಆಂಟಿ?" "ನನ್ನದೂ ಅದೇ, ನೋಡು, ಬಂಗಾರದ ಹಾಗೆ ಓಡ್ತಾ ಇದೆ" ಅಂದೆ. ಒಪ್ಪಿದಳು.

ಏಪ್ರಿಲ್ 8

ಟೀಚರ್ ಮನೆಯಲ್ಲೂ ಕೂತಿತು. ಇಡೀ ಮನೆಯ ಲೈನು ಅದರ ಮೂಲಕವೇ ಹೋಗುತ್ತದೆ. ಕರೆಂಟ್ ಹೋದರೂ ಮಿಷನ್ ಒಂದು ಕ್ಷಣ ತಡವರಿಸಲಿಲ್ಲ. ಟೀಚರ್ ಕಣ್ಣಲ್ಲಿ ನೀರು. ಸಿಲಿಂಡರ್ ಬಾಡಿಗೆಯವನು ಬಂದಿದ್ದ, ತಿಂಗಳ ಬಾಡಿಗೆಗೆ. "ಇನ್ನು ಅದ್ಯಾಕೆ ಟೀಚರ್, ಜಾಗಕ್ಕೆ ಕೇಡು" ಅಂದೆ. ವಾಪಸ್ ಕೊಟ್ಟರು.

ಏಪ್ರಿಲ್ 19, ಭಾನುವಾರ

ಏಳಕ್ಕೆ ಕರೆಂಟ್ ಹೋಯಿತು. ಎಲ್ಲ ಕಿಟಕಿಗಳಲ್ಲೂ ಬೆಳಕು. ಕೂತೆ. ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ.

ಅವರದು ತಪ್ಪಿಲ್ಲ. ಟೈಲರಕ್ಕ ಮೆಟ್ಟಿಲಲ್ಲಿ ಸಿಕ್ಕಾಗ "ಬನ್ನಿ ಮನೆಗೆ" ಅನ್ನುತ್ತಾಳೆ. ಟೀಚರ್ ಅಂತೂ "ಬಾರೇ ಹಲ್ಲಮ್ಮ, ಕೆಲಸ ಇದ್ರೆ ಮಾತ್ರ ಬರೋಕೆ ನೀನೇನು ಪ್ಲಂಬರ್ರಾ?" ಅಂದರು. ಆದರೆ ಕಾರಣವಿಲ್ಲದೆ ಇನ್ನೊಬ್ಬರ ಬಾಗಿಲು ತಟ್ಟುವುದು ನನಗೆ ಬಾರದ ವಿದ್ಯೆ. ಬಾಗಿಲವರೆಗೆ ಹೋಗುತ್ತೇನೆ. ಒಳಗೆ ಟಿವಿ ಸದ್ದು ಕೇಳುತ್ತದೆ. ವಾಪಸ್ ಬರುತ್ತೇನೆ.

ತಂಗಿಗೆ ಫೋನ್ ಮಾಡಿದೆ. "ಏನಾದ್ರೂ ಆಯ್ತೇನೇ?" ಅಂತ ಗಾಬರಿಯಾದಳು. ಏನೂ ಇಲ್ಲ ಅಂದೆ. ಊಟದ ಹೊತ್ತು ಅಂತ ಇಟ್ಟಳು.

ಏಪ್ರಿಲ್ 21

ಮೇಣ ತೆಗೆಯಲು ಡ್ರಾಯರ್ ಎಳೆದೆ, ಕಡ್ಡಿ ಕೈಗೆ ಸಿಕ್ಕಿತು. ಚುಚ್ಚಿದೆ. ಏನೂ ಸಿಡಿಯಲಿಲ್ಲ.

ಆ್ಯಪ್ ಹಾಕಿಕೊಂಡೆ. ಎಲ್ಲಿದ್ದೀರಿ ಅಂತ ಕೇಳಿತು, ಹೌದು ಹೌದು ಅಂತ ಒತ್ತುತ್ತ ಹೋದೆ. ಒಂದು ಹಸಿರು ಗೆರೆ ಬಂತು. ನಾನು ನೀರು ಕಾಯಿಸಿದರೆ ಗೆರೆ ಏಳುತ್ತದೆ, ಮೋಟಾರು ನಿಲ್ಲಿಸಿದರೆ ಇಳಿಯುತ್ತದೆ. ಬೆಳಗ್ಗೆ "ಗುಡ್ ಮಾರ್ನಿಂಗ್" ಅನ್ನುತ್ತದಂತೆ. ಅದಾದರೂ ಅನ್ನಲಿ.

ಏಪ್ರಿಲ್ 30

ಎಲ್ಲರ ಮನೆಗೂ ಹೋಗಿ ಬಂದೆ! ಕಾರಣ ಸಿಕ್ಕಿತಲ್ಲ. "ಕಡ್ಡಿ ಚುಚ್ಚಿ ಫೋನಲ್ಲಿ ನೋಡ್ಕೊಳ್ತಾ ಇದ್ರೆ ಬ್ಯಾಟರಿ ಬಾಳಿಕೆ ಬರುತ್ತೆ" ಅಂದೆ. ಆ ಮಾತು ಎಲ್ಲಿಂದ ಬಂತೋ, ಬಾಯಿಗೆ ಬಂತು, ಹೇಳಿದೆ.

ಬ್ಯಾಂಕಿನವರು "ಡೀಲರ್ ಬೇಡ ಅಂದಿದ್ನಲ್ಲ?" ಅಂದರು.

"ಅವನಿಗೇನು ಗೊತ್ತು, ಮಾರೋನು" ಅಂದೆ.

ಆ್ಯಪಿನಲ್ಲಿ ಎಲ್ಲವನ್ನೂ ನನ್ನ ಅಕೌಂಟಿಗೇ ಹಾಕಿದೆ. ಅವರಿಗೆ ಯಾಕೆ ತಲೆನೋವು, ನಾನೇ ನೋಡಿಕೊಳ್ಳುತ್ತೇನೆ ಅಂತ. ಟೀಚರ್ ಮನೆಯಲ್ಲಿ ಟೀ ಕೊಟ್ಟರು. ಎರಡು ಕಪ್ ಕುಡಿದೆ.

ಮೇ 11

ಈಗ ಬೆಳಗ್ಗೆ ಎದ್ದ ಕೂಡಲೇ ಫೋನ್. ನಾಲ್ಕು ಮನೆ, ನಾಲ್ಕು ಗೆರೆ. ಟೈಲರಕ್ಕನದು ಮುಳ್ಳುಮುಳ್ಳು — ಇಸ್ತ್ರಿಪೆಟ್ಟಿಗೆ. ಮದುವೆ ಬಟ್ಟೆ ಬಂದಿರಬೇಕು, ನಿನ್ನೆ ಊಟದ ಹೊತ್ತಿಗೂ ಇಳಿದಿಲ್ಲ. ಬ್ಯಾಂಕಿನವರ ಮನೆಯಲ್ಲಿ ಆರೂವರೆಗೆ ಮಿಕ್ಸಿ. ಒಂದು ದಿನ ಇಲ್ಲದಿದ್ದರೆ, ಜಗಳವೇನೋ ಅಂದುಕೊಳ್ಳುತ್ತೇನೆ.

ಟೀಚರ್‌ದು ಏಳುವುದಿಲ್ಲ, ಬೀಳುವುದಿಲ್ಲ. ಸ್ಕೇಲ್ ಇಟ್ಟು ಎಳೆದ ಹಾಗೆ. ಅದು ಆ ಮಿಷನ್. ಅಂದರೆ ಉಸಿರು. ಕೆಲಸ ಮಾಡುವಾಗ ಫೋನನ್ನು ಅಚ್ಚುಗಳ ನಡುವೆ ಒರಗಿಸಿ ಅದೊಂದನ್ನೇ ತೆರೆದಿಟ್ಟುಕೊಳ್ಳುತ್ತೇನೆ. ಮಾತಾಡಬೇಕಿಲ್ಲ, ಬಾಗಿಲು ತಟ್ಟಬೇಕಿಲ್ಲ. ಟೀಚರ್ ಇದ್ದಾರೆ, ನಾನಿದ್ದೇನೆ.

ಕದ್ದು ನೋಡಿದ ಹಾಗಲ್ಲವೇ ಅಂತ ಒಮ್ಮೊಮ್ಮೆ ಅನಿಸುತ್ತದೆ. ಗೆರೆ ತಾನೇ. ಗೆರೆಗೇನು ಮಾನ.

ಮೇ 26, ಮಂಗಳವಾರ

ಆ್ಯಪಿನಲ್ಲಿ ಇವತ್ತು ಗುಡ್ ಮಾರ್ನಿಂಗ್ ಇರಲಿಲ್ಲ. ಕೆಂಪು ಚೌಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಮೂರು ಸಲ ಓದಿದೆ. ನಿಮ್ಮ ಹೆಸರಲ್ಲಿರುವ ಈ ನಾಲ್ಕು ಯಂತ್ರಗಳು ನೀವಿರುವ ಕಡೆ ಬಳಸಲು ಮಾರಿದ್ದಲ್ಲ. ಇವುಗಳನ್ನು ಸದ್ಯದಲ್ಲೇ ನಿಲ್ಲಿಸಲಾಗುವುದು. ಮಾರಿದವರನ್ನು ಕೇಳಿ.

ಮಾರಿದವನನ್ನು ಕೇಳಿದೆ.

"ಹೇಳಿದ್ನಲ್ಲ ಅಕ್ಕ, ಹೇಳಿದ್ನೋ ಇಲ್ವೋ? ನಿಮಗೆ ಯಾರು ಚುಚ್ಚೋಕೆ ಹೇಳಿದ್ದು?"

"ಅವರು ಎಲ್ಲೋ ಕೂತು ಇಲ್ಲಿದು ಹೇಗಪ್ಪ ನಿಲ್ಲಿಸ್ತಾರೆ?"

"ಒಂದು ಬಟನ್ ಒತ್ತಿದ್ರೆ ಲಾಕ್. ಆಮೇಲೆ ಅದು ಬರೀ ಡಬ್ಬ. ಮೇನ್ ಲೈನ್ ಕರೆಂಟನ್ನೂ ಒಳಗೆ ಬಿಡಲ್ಲ. ನೆಟ್ ಇಲ್ದಿದ್ರೆ ಅವರ ಕಣ್ಣಿಗೇ ಬೀಳಲ್ಲ, ಅಷ್ಟೇ ಉಪಾಯ. ಕಿತ್ತು ಬಿಸಾಕಿ. ಇವತ್ತೇ. ನಾಲ್ಕೂ."

ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ.

ನಾನು ನೋಡುತ್ತಿದ್ದ ಹಾಗೆ ಅವರೂ ನೋಡುತ್ತಿದ್ದರು. ಟೈಲರಕ್ಕನ ಇಸ್ತ್ರಿ, ಬ್ಯಾಂಕಿನವರ ಮಿಕ್ಸಿ, ಎಲ್ಲ. ಅವರಿಗದು ನಂಬರು. ಅವರ ಕಣ್ಣಿಗೆ ಬೀಳುವ ಹಾಗೆ ಮಾಡಿದವಳು ನಾನು.

ಸದ್ಯದಲ್ಲೇ ಅಂದರೆ ಯಾವಾಗ? ಕಂಪನಿಯ ಸದ್ಯ ತಿಂಗಳುಗಟ್ಟಲೆ ಇರುತ್ತದೆ. ನಾಳೆ ನೋಡೋಣ. ಇವತ್ತು ಡಾಕ್ಟರದು ಎರಡು ಸೆಟ್ ಹೋಗಬೇಕು.

ಮೇ 27

ಬೆಳಗ್ಗೆ ನನ್ನ ಕಡ್ಡಿಯನ್ನು ಕಿತ್ತೆ. ಟೈಲರಕ್ಕನ ಮನೆಗೆ ಹೋಗಿ ಕಿತ್ತೆ. "ಯಾಕ್ರೀ?" ಅಂದಳು. "ಕಂಪನಿಯವರು ಏನೋ ತಕರಾರು ಮಾಡ್ತಿದಾರೆ, ಬೇಡ" ಅಂದೆ. ನೆಲಮಹಡಿಗೆ ಹೋಗಿ ಬ್ಯಾಂಕಿನವರದ್ದನ್ನೂ ಕಿತ್ತೆ. ಒಂದೊಂದು ಕಿತ್ತಾಗಲೂ ಫೋನಲ್ಲಿ ಒಂದೊಂದು ಗೆರೆ ಬೂದು ಬಣ್ಣಕ್ಕೆ ತಿರುಗಿತು.

ಮೇಲೆ ಬರುವಾಗ ಟೀಚರ್ ಬಾಗಿಲ ಮುಂದೆ ನಿಂತೆ. ಒಳಗೆ ಮಿಷನ್ ಗುರ್ ಅನ್ನುವುದು ಕೇಳುತ್ತಿತ್ತು. ಫೋನ್ ತೆಗೆದು ನೋಡಿದೆ. ಹಸಿರು ಗೆರೆ, ನೇರ. ಅದೊಂದೇ ಉಳಿದಿದೆ. ಅದನ್ನೂ ಕಿತ್ತರೆ ಆ್ಯಪ್ ಖಾಲಿ. ಮತ್ತೆ ನಾನು, ಹಲ್ಲು, ಗೋಡೆ.

ನಾಳೆ ಬೆಳಗ್ಗೆ ಒಂದು ಸಲ ನೋಡಿ ಕೀಳೋಣ. ಒಂದೇ ದಿನ.

ಮೆಟ್ಟಿಲು ಹತ್ತಿ ಬಂದೆ.

ಮೇ 28

ಬರೆಯದಿದ್ದರೆ ಕೂರಲೂ ಆಗುತ್ತಿಲ್ಲ.

ಬೆಳಗ್ಗೆ ಒಂಬತ್ತರ ಹೊತ್ತು. ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದೆ. ಫೋನ್ ನೋಡಿದೆ — ಗೆರೆ ನೆಲಕ್ಕೆ ಬಿದ್ದಿತ್ತು. ನೆಟ್ ಹೋಗಿರಬೇಕು ಅಂದುಕೊಂಡೆ. ಇಲ್ಲ, ನೆಟ್ ಇತ್ತು. ಕೆಂಪು ಬೀಗದ ಗುರುತು ಇತ್ತು. ಪ್ಲಾಸ್ಟರ್ ಕೈಯಲ್ಲೇ ಓಡಿದೆ.

ಮೆಟ್ಟಿಲ ದೀಪ ಉರಿಯುತ್ತಿತ್ತು. ಇಡೀ ಬೀದಿಗೆ ಕರೆಂಟ್ ಇತ್ತು. ಟೀಚರ್ ಮನೆಯಲ್ಲಿ ಮಾತ್ರ ಇಲ್ಲ.

ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಮಿಷನ್ ಕೀ ಕೀ ಅಂತ ಅರಚುತ್ತಿತ್ತು. ಟೀಚರ್ ಮಂಚದ ಅಂಚಿನಲ್ಲಿ, ಎರಡೂ ಕೈ ಮಂಡಿಗೆ ಊರಿ, ಬಾಯಿ ತೆರೆದು. ತುಟಿ ನೀಲಿ. ನನ್ನನ್ನು ನೋಡಿ ಮೂಲೆಗೆ ಬೆರಳು ತೋರಿಸಿದರು. ಸಿಲಿಂಡರ್ ಇರುತ್ತಿದ್ದ ಮೂಲೆ.

ಕಡ್ಡಿ ಕಿತ್ತೆ. ಪ್ರಯೋಜನವಾಗಲಿಲ್ಲ. ಸ್ವಿಚ್ ಆರಿಸಿದೆ, ಹಾಕಿದೆ. ಪರದೆಯ ಮೇಲೆ ಅದೇ ಸಾಲು — ಮಾರಿದವರನ್ನು ಕೇಳಿ. ಕಿಟಕಿಗೆ ಹೋಗಿ ಕೂಗಿದೆ. ಟೈಲರಕ್ಕ ಮೇಲಿಂದ ತಲೆ ಹಾಕಿದಳು. ಹೇಗೆ ಹೇಳಿದೆನೋ ಗೊತ್ತಿಲ್ಲ, ಅವಳಿಗೆ ಅರ್ಥವಾಯಿತು. ಹೊಲಿಗೆ ಮಿಷನ್ನಿನಿಂದ ಎಕ್ಸ್‌ಟೆನ್ಷನ್ ಕಿತ್ತು ಕಿಟಕಿಯಿಂದ ಇಳಿಬಿಟ್ಟಳು. ವೈರು ಗಾಳಿಗೆ ಆ ಕಡೆ ಈ ಕಡೆ ತೂಗುತ್ತಿತ್ತು, ಸಿಕ್ಕಲಿಲ್ಲ. ಆಮೇಲೆ ಸಿಕ್ಕಿತು. ಚುಚ್ಚಿದೆ. ಮಿಷನ್ ಗುರ್ ಅಂದಿತು.

ಎಷ್ಟು ಹೊತ್ತಾಯಿತೋ. ಟೀಚರ್ ಕೈ ಹಿಡಿದು ನೆಲದ ಮೇಲೆ ಕೂತಿದ್ದೆ. ತುಟಿಯ ಬಣ್ಣ ಮೆಲ್ಲಗೆ ತಿರುಗಿತು. ಅವರ ಮೊದಲ ಮಾತು — "ಏನೇ ಇದು, ನನ್ನ ಕೈಗೆಲ್ಲ ಸುಣ್ಣ ಬಳಿದಿದೀಯ."

ಅಲ್ಲಿ ಅಳಲಿಲ್ಲ. ಇಲ್ಲಿಗೆ ಬಂದು ಅತ್ತೆ.

ಮೇ 29

ಎಲೆಕ್ಟ್ರಿಷಿಯನ್ ಬಂದು ಟೀಚರ್ ಮನೆಯ ಲೈನನ್ನು ನೇರ ಮೀಟರಿಗೆ ಕೊಟ್ಟ. ಸಿಲಿಂಡರ್ ವಾಪಸ್ ಬಂತು. ಇನ್ವರ್ಟರ್ ಗೋಡೆ ಮೇಲೆ ಸುಮ್ಮನೆ ಕೂತಿದೆ. ಡೀಲರ್ ಅಂಗಡಿಗೆ ಹೋದೆ. ಶಟರ್ ಎಳೆದಿದೆ, ಬೋರ್ಡೂ ಇಲ್ಲ. ಪಕ್ಕದ ಅಂಗಡಿಯವನು "ನೀವೆಷ್ಟನೆಯವರೋ" ಅಂದ.

ಟೀಚರ್ ಮನೆಗೆ ಹೋಗಿಲ್ಲ. ಈಗ ಕಾರಣ ಇದೆ, ಧೈರ್ಯ ಇಲ್ಲ.

ಜೂನ್ 2

ಸಂಜೆ ಮೆಟ್ಟಿಲಲ್ಲಿ ಎಲ್ಲರೂ ನಿಂತಿದ್ದರು. ಟೀಚರ್ ಮಗಳು ನಾಲ್ಕು ದಿನದಿಂದ ರಜೆ ಹಾಕಿ ಇಲ್ಲೇ ಇದ್ದಾಳೆ. ನಾನು ಪ್ಲಾಸ್ಟರ್ ಚೀಲ ಹೊತ್ತು ಮೇಲೆ ಬರುತ್ತಿದ್ದೆ. ಟೈಲರಕ್ಕ ಒಳ್ಳೆಯ ಮನಸ್ಸಿನಿಂದಲೇ ಅಂದಳು, "ಇವರು ಹಿಂದಿನ ದಿನ ಬಂದು ನಮ್ಮದೆಲ್ಲ ಕಿತ್ಕೊಂಡು ಹೋದ್ರು, ಪುಣ್ಯ. ಇಲ್ದಿದ್ರೆ ಅವತ್ತು ಕರೆಂಟ್ ಎಲ್ಲಿಂದ ತರ್ತಿದ್ವಿ?"

ಮಗಳು ನನ್ನ ಕಡೆ ತಿರುಗಿದಳು. "ಹಿಂದಿನ ದಿನಾನೇ ಗೊತ್ತಿತ್ತಾ?"

ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದೆ.

"ಅಮ್ಮಂದು ಯಾಕೆ ಕೀಳಲಿಲ್ಲ ಆಂಟಿ?"

"ಮರೆತೆ."

"ಮೂರನೇ ಮಹಡಿಯಿಂದ ಇಳಿದು ಎರಡನೇದು ಕಿತ್ರಿ. ನೆಲಮಹಡಿದು ಕಿತ್ರಿ. ಮಧ್ಯದ್ದು ಮರೆತ್ರಾ? ಹೋಗ್ತಾ ಬರ್ತಾ ಎರಡು ಸಲ ಅದೇ ಬಾಗಿಲ ಮುಂದೆ ಹೋಗಿದೀರಲ್ಲ."

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು. ಬ್ಯಾಂಕಿನವರು ಚಪ್ಪಲಿ ನೋಡಿಕೊಂಡರು. ಟೈಲರಕ್ಕ "ವಯಸ್ಸಾಯ್ತಲ್ಲ, ಮರೆವು..." ಅಂದಳು. ನನಗಿನ್ನೂ ಐವತ್ತೆರಡು. ಚೀಲ ಹೊತ್ತು ಮೇಲೆ ಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮನೆಗೆ ಬಂದ ಮೇಲೂ ಮುಖ ತೊಳೆಯುತ್ತಲೇ ಇದ್ದೆ.

ಜೂನ್ 4

ಕೆಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು. ಟೈಲರಕ್ಕ ಹೇಳಿದಳು — ಟೀಚರನ್ನು ಮಗಳು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಶನಿವಾರ. ನಕಾಶೆಯನ್ನೂ ಗೋಡೆಯಿಂದ ಇಳಿಸಿದ್ದಾರಂತೆ.

ಹೇಳಿ ತಕ್ಷಣ ಹೊರಟಳು. ಮೊದಲಾದರೆ ಕೂರುತ್ತಿದ್ದಳು.

ಜೂನ್ 6, ಶನಿವಾರ

ಟೀಚರ್ ಫೋನ್ ಮಾಡಿದ್ದರು. ಈಗ, ಹತ್ತು ಗಂಟೆಗೆ. ಉಸಿರಿಗೆ ನಿಂತು ನಿಂತು ಮಾತು.

"ಮಗಳು ಗಾಡಿ ತರೋಕೆ ಹೋಗಿದಾಳೆ. ಅವಳು ಏನೇನೋ ಅಂತಾಳೆ. ನಾನು ನಂಬಲ್ಲ ಅಂದೆ. ಹಲ್ಲಮ್ಮ ಅಂಥವಳಲ್ಲ, ಮರೆತಿರ್ತಾಳೆ ಅಂದೆ. ನಿನ್ನ ಬಾಯಿಂದ ಒಂದು ಸಲ ಕೇಳ್ಬಿಡ್ತೀನಿ, ಬಾ."

ಬರುತ್ತೇನೆ ಅಂದೆ.

ಮರೆತೆ ಅಂದರೆ ಮುಗಿಯಿತು. ನಂಬಲು ಅವರು ತಯಾರಾಗಿ ಕೂತಿದ್ದಾರೆ. ಮಗಳ ಮನೆಗೆ ಹೋದ ಮೇಲೂ ಫೋನ್ ಮಾಡುತ್ತಾರೆ, ಹಲ್ಲಮ್ಮ ಅನ್ನುತ್ತಾರೆ. ನಿಜ ಹೇಳಿದರೆ ಅದೂ ಇಲ್ಲ. ಯಾರು ಫೋನ್ ಮಾಡುತ್ತಾರೆ, ತಮ್ಮ ಉಸಿರನ್ನು ಬೊಂಬೆಯಾಟದ ಹಾಗೆ ನೋಡುತ್ತ ಕೂತವಳಿಗೆ.

ಆದರೆ ಆ ಮೂಲೆಗೆ ತೋರಿಸಿದ ಬೆರಳು.

ಸೀರೆ ಬದಲಾಯಿಸಿ ಕೂತಿದ್ದೇನೆ. ನಿಂತು ಹೇಳಲು ಹೋದರೆ ಬಾಯಿ ಮತ್ತೆ ಮರೆತೆ ಅಂದುಬಿಡುತ್ತದೆ, ನನಗೆ ಗೊತ್ತು. ಮೊದಲು ಇಲ್ಲಿ ಬರೆದು ಆಮೇಲೆ ಇಳಿಯುತ್ತೇನೆ.

ಟೀಚರ್, ಮರೆತೆ ಅಂದದ್ದು ಸುಳ್ಳು. ನಿಮ್ಮ ಬಾಗಿಲ ಮುಂದೆ ನಿಂತಿದ್ದೆ. ಬೇಕೆಂದೇ ಬಿಟ್ಟೆ. ಬೆಳಗ್ಗೆ ಎದ್ದು ನೋಡಲು ನನಗೆ ಬೇರೆ ಯಾರೂ ಇರಲಿಲ್ಲ. ಇಳಿಯುತ್ತಿದ್ದೇನೆ.